ಊಟಿ ರೈಲಿನ ಡ್ರೈವರೂ ನಾನೂ

ಕಳೆದ ಆದಿತ್ಯವಾರ ಬಸ್ಸಿನಲ್ಲಿ ಒಬ್ಬರು ಹೆಂಗಸು ನನಗೆ ನನ್ನದೇ ಕಥೆ ಹೇಳಿದರು.

ಪುತ್ತೂರಿನಿಂದ ಕಾಣಿಯೂರಿಗೆ ಹೋಗುವ ಬಸ್ಸು. ಅಣ್ಣನ ಮನೆಗೆ ಹೊರಟಿದ್ದೆ. ಪಕ್ಕದಲ್ಲಿ ಕೂತ ಹೆಂಗಸಿಗೆ ಐವತ್ತರ ಆಸುಪಾಸು. ಮಡಿಲಲ್ಲಿ ಒಂದು ಕಟ್ಟು ಬಸಳೆಯ ದಂಟು. ಬಸ್ಸು ತಿರುಗಿದಾಗಲೆಲ್ಲ ಅದು ನನ್ನ ಪಕ್ಕೆಗೆ ಚುಚ್ಚುತ್ತಿತ್ತು.

"ಮಗಳ ಮನೆಯಿಂದ ತಂದದ್ದು, ನೆಡ್ಲಿಕ್ಕೆ. ನೀವು ಎಂತ ಕೆಲಸದಲ್ಲಿರುದು ಅಕ್ಕ?"

ಟೀಚರ್ ಎಂದೆ. ಯಾವ ಶಾಲೆ ಎಂದು ಅವರು ಕೇಳಲಿಲ್ಲ. (ಕೇಳಿದ್ದರೆ ಈ ವಾರದ ಅಂಕಣದಲ್ಲಿ ನಾನು ನಿಮಗೆ ಮಾವಿನಮಿಡಿಯ ಬಗ್ಗೆ ಬರೆಯುತ್ತಿದ್ದೆ.)

"ಹಾಗಾದ್ರೆ ನಿಮಗೆ ಗೊತ್ತಿರ್ಬೇಕು. ಪುತ್ತೂರಲ್ಲಿ ಒಬ್ಬರು ಟೀಚರ್ ಇದ್ದಾರಂತಲ್ಲ, ವರ್ಷ ವರ್ಷ ಒಬ್ಬರೇ ಊಟಿಗೆ ಹೋಗುದು?"

ಮುಖ ಗಟ್ಟಿ ಮಾಡಿಕೊಂಡು ಕೇಳಿದೆ, "ಹೌದಾ? ಎಂತಕ್ಕೆ ಹೋಗುದಂತೆ?"

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಅಲ್ಲಿ ಒಬ್ಬ ಇದ್ದಾನಂತೆ ಮಾರಾಯ್ರೆ. ಗುಡ್ಡೆ ಹತ್ತುವ ರೈಲು ಉಂಟಲ್ಲ, ಅದರ ಡ್ರೈವರ್!"

ಆಗಲೇ "ಆ ಟೀಚರ್ ನಾನೇ" ಎನ್ನಬೇಕಿತ್ತು. ಎನ್ನಲಿಲ್ಲ. ಯಾಕೆ? ಸತ್ಯ ಹೇಳುತ್ತೇನೆ, ಕುತೂಹಲ. ನನ್ನ ಬದುಕಿನಲ್ಲಿ ಮುಂದೇನಾಯಿತು ಎಂದು ನನಗೂ ತಿಳಿಯಬೇಕಲ್ಲ!

ಡ್ರೈವರ್ ಭಾರೀ ಎತ್ತರದ ಜನವಂತೆ. ದೊಡ್ಡ ಮೀಸೆ. ಹೆಂಡತಿ ಮಕ್ಕಳು ಮದರಾಸಿನಲ್ಲಿದ್ದಾರೆ, ಅವರಿಗೆ ಇದೆಲ್ಲ ಗೊತ್ತಿಲ್ಲ. ಟೀಚರ್ ಹೋದ ದಿನ ಅವರನ್ನು ಎಂಜಿನಿನಲ್ಲೇ, ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಗುಡ್ಡೆ ಹತ್ತಿಸುತ್ತಾನೆ.

ನನಗೆ ಹೊಟ್ಟೆಕಿಚ್ಚಾಯಿತು. ಹದಿನೈದು ವರ್ಷಗಳಿಂದ ಆ ಎಂಜಿನ್ ಹತ್ತಬೇಕೆಂದು ನಾನು ಹಂಬಲಿಸಿದ್ದೇನೆ. ಒಮ್ಮೆಯೂ ಯಾರೂ ಹತ್ತಿಸಿಲ್ಲ. ಈ ಇನ್ನೊಬ್ಬ ಟೀಚರ್ ಎಷ್ಟು ಸುಲಭವಾಗಿ ಹತ್ತಿ ಕೂತುಬಿಟ್ಟಿದ್ದಾಳೆ!

ತಡೆಯಲಾಗಲಿಲ್ಲ. "ಅಕ್ಕ, ಆ ಟೀಚರ್ ನಾನೇ," ಎಂದೆ.

ಅವರು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದರು. ನನ್ನ ಕನ್ನಡಕ, ನನ್ನ ಕೊಡೆ, ಮಾಸಿದ ವಾಯಿಲ್ ಸೀರೆ. ಆಮೇಲೆ ನನ್ನ ಮೊಣಕೈಗೆ ಮೆಲ್ಲ ತಟ್ಟಿ ನಕ್ಕರು. "ಛೆ, ತಮಾಷೆ ಮಾಡ್ಬೇಡಿ. ಅವರು ನೋಡ್ಲಿಕ್ಕೆ ಭಾರೀ ಚಂದ ಅಂತೆ."

ಇಷ್ಟು ವರ್ಷ ನನ್ನ ಬಗ್ಗೆ ಊರು ಏನೇನೋ ಹೇಳಿದೆ. ಇಷ್ಟು ಸಲೀಸಾಗಿ ಯಾರೂ ನನ್ನನ್ನು ನಿರ್ದೋಷಿ ಎಂದು ಬಿಟ್ಟಿರಲಿಲ್ಲ.

ಹಳೆಯ ಓದುಗರಿಗೆ ನನ್ನ ರೈಲಿನ ಹುಚ್ಚು ಗೊತ್ತು. (ಈ ಅಂಕಣದ ಕೆಳಗೆ ನನ್ನ ನಿಜವಾದ ಹೆಸರು ಯಾಕಿಲ್ಲ ಎಂಬುದು ಈಗ ಹೊಸಬರಿಗೂ ಗೊತ್ತಾಯಿತು.) ಆದರೆ ಆ ಹುಚ್ಚು ಹಿಡಿದದ್ದು ಹೇಗೆಂದು ಎಂದೂ ಬರೆದಿಲ್ಲ.

ಮಂಗಳೂರಿನಲ್ಲಿ ಟೀಚರ್ ಟ್ರೈನಿಂಗ್ ಮಾಡುವಾಗ ನಮ್ಮನ್ನು ಊಟಿಗೆ ಎಕ್ಸ್‌ಕರ್ಷನ್ ಕರೆದುಕೊಂಡು ಹೋದರು. ಮೆಟ್ಟುಪಾಳ್ಯದಲ್ಲಿ ಬೆಳಿಗ್ಗೆ ಆ ಪುಟ್ಟ ನೀಲಿ ರೈಲು ಹತ್ತಿದೆವು. ಎಂಜಿನ್ ಮುಂದೆ ಇರಲಿಲ್ಲ. ಹಿಂದಿನಿಂದ ನೂಕುತ್ತಿತ್ತು! ಕಲ್ಲಾರ್ ದಾಟಿದ ಮೇಲೆ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಶುರು. ಎಂಜಿನಿನ ಹಲ್ಲಿನ ಚಕ್ರ ಅದನ್ನು ಕಚ್ಚಿ ಕಚ್ಚಿ ಹಿಡಿದು ಮೇಲೇರುತ್ತದೆ. ಆ ಸದ್ದು ಬೆಂಚಿನ ಮೂಲಕ ನನ್ನ ಬೆನ್ನುಹುರಿಗೆ ಬಂತು. ಜೊತೆಯ ಹುಡುಗಿಯರು ಅಂತ್ಯಾಕ್ಷರಿ ಹಾಡುತ್ತಿದ್ದರು. ನಾನು ಕಿಟಕಿಗೆ ತಲೆ ಆನಿಸಿ ಆ ಸದ್ದನ್ನೇ ಕೇಳುತ್ತಾ ಕೂತೆ. ಒಂದು ಸೇತುವೆಯ ಮೇಲೆ ಕೆಳಗೆ ನೋಡಿದರೆ ನೆಲವೇ ಇಲ್ಲ, ಮಂಜು ಮಾತ್ರ. ಹೆದರಿಕೆ ಆಗಬೇಕಿತ್ತು. ಅಳು ಬಂತು. ಖುಷಿಗೆ.

ಕೆಲಸ ಸಿಕ್ಕಿದ ಮೊದಲ ಬೇಸಿಗೆ ರಜೆಯಲ್ಲೇ ಒಬ್ಬಳೇ ಹೋದೆ. ಮತ್ತಿನ ವರ್ಷವೂ. ಪುತ್ತೂರಿನಿಂದ ಮಂಗಳೂರಿಗೆ ಬಸ್ಸು, ಅಲ್ಲಿಂದ ರೈಲಿನ ಲೇಡೀಸ್ ಕಂಪಾರ್ಟ್‌ಮೆಂಟು. ಊಟಿಯಲ್ಲಿ ನಾನು ಹೂದೋಟ ನೋಡುವುದಿಲ್ಲ, ಕೆರೆ ನೋಡುವುದಿಲ್ಲ. ಸ್ಟೇಷನ್ನಿನ ಪಕ್ಕ ಇಡ್ಲಿ ತಿಂದು, ಇಳಿಯುವ ರೈಲಿನಲ್ಲಿ ವಾಪಸ್. ನನಗೆ ಊಟಿಯಿಂದ ಆಗಬೇಕಾದ್ದು ಏನೂ ಇಲ್ಲ. ನಡುವಿನ ದಾರಿ ಇದೆಯಲ್ಲ, ಅದು ಸಾಕು.

ಒಂದು ಕಷ್ಟ ಮಾತ್ರ ಇತ್ತು. ತಿರುವಿನಲ್ಲಿ ಇದ್ದಕ್ಕಿದ್ದಂತೆ ನೀರು ಧುಮುಕುವುದು ಕಾಣುತ್ತದೆ. "ಅಗೋ, ಅಲ್ಲಿ ನೋಡಿ!" ಎಂದು ಬಾಯಿಗೆ ಬರುತ್ತದೆ. ಯಾರಿಗೆ ಹೇಳುವುದು? ಮೂರನೇ ವರ್ಷ ಗಟ್ಟಿಯಾಗಿ ಹೇಳಿಯೇಬಿಟ್ಟೆ. ಎದುರಿನ ತಮಿಳು ಸಂಸಾರ ನನ್ನತ್ತ ನೋಡಿ ಮರ್ಯಾದೆಗೆ ನಕ್ಕಿತು. ಆಮೇಲೆ ನಾನು ಬಾಯಿಗೆ ಒಂದು ಏಲಕ್ಕಿ ಹಾಕಿಕೊಂಡು ಕೂರುವುದನ್ನು ಅಭ್ಯಾಸ ಮಾಡಿದೆ.

ಐದನೇ ವರ್ಷ ಒಂದು ಸಂಬಂಧ ಬಂತು. ಸುಳ್ಯದ ಕಡೆಯವರು, ಅವರೂ ಮಾಸ್ತರರು. ಅಣ್ಣನ ಮನೆಯ ಜಗಲಿಯಲ್ಲಿ ನಮ್ಮಿಬ್ಬರನ್ನು ಹತ್ತು ನಿಮಿಷ ಮಾತಾಡಲು ಬಿಟ್ಟರು.

"ನಿಮಗೆ ರೈಲು ಅಂದ್ರೆ ಇಷ್ಟ ಅಂತೆ. ಮದುವೆ ಆದ ಮೇಲೂ ಹೋಗ್ತೀರಾ?"

"ಹೋಗ್ತೇನೆ. ನೀವೂ ಬನ್ನಿ."

ಅವರು ನಕ್ಕರು. ಒಳ್ಳೆಯ ನಗು. "ಕಿಟಕಿ ಪಕ್ಕ ಯಾರು ಕೂರುದು?" ಎಂದು ಕೇಳಿದರು.

ಎರಡು ವಾರ ನಾನು ಅದನ್ನೇ ಯೋಚಿಸಿದೆ. ಹತ್ತುವಾಗ ಅವರಿಗೆ, ಇಳಿಯುವಾಗ ನನಗೆ ಎಂದು ತೀರ್ಮಾನವನ್ನೂ ಮಾಡಿದೆ. ಮೂರನೇ ವಾರ ಅಣ್ಣನಿಗೆ ಕಾಗದ ಬಂತು. ಪುತ್ತೂರಿನಲ್ಲಿ ವಿಚಾರಿಸಿದರಂತೆ. ಯಾರೋ ಹೇಳಿದರಂತೆ. ಆ ಡ್ರೈವರ್ ಹುಟ್ಟಿದ್ದು ಆಗಲೇ ಇರಬೇಕು.

ಅಣ್ಣ ಕಾಗದವನ್ನು ನನ್ನ ಮುಂದೆ ಇಟ್ಟು, "ಇನ್ನು ನೀನು ಅಲ್ಲಿಗೆ ಹೋಗುದು ಬೇಡ," ಎಂದ. ಅಷ್ಟೇ. ಕೇಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ.

ಆ ವರ್ಷ ಹೋಗಲಿಲ್ಲ. ಊರು ಸುಮ್ಮನಾಯಿತೇ? "ಈ ಸಲ ಅವನಿಗೆ ಬೇರೆ ಕಡೆಗೆ ಟ್ರಾನ್ಸ್‌ಫರ್ ಆಗಿದೆಯಂತೆ" ಎಂದಿತು!

ಮತ್ತಿನ ವರ್ಷ ಬುದ್ಧಿ ಓಡಿಸಿದೆ. ಅಣ್ಣನ ಹೆಂಡತಿಯನ್ನೇ ಕರೆದುಕೊಂಡು ಹೋದೆ. ಅತ್ತಿಗೆ ಮಾತಿನಲ್ಲಿ ಗಟ್ಟಿ, ಊರಲ್ಲಿ ಎಲ್ಲರೂ ನಂಬುವ ಜನ. ಕಣ್ಣಾರೆ ನೋಡಿ ಬಂದು ಹೇಳಲಿ ಎಂದು ನನ್ನ ಲೆಕ್ಕಾಚಾರ. ನಿಜ ಹೇಳುವುದಾದರೆ ಇನ್ನೊಂದು ಆಸೆಯೂ ಇತ್ತು. ಈ ಸಲ "ಅಗೋ" ಎನ್ನಲು ಪಕ್ಕದಲ್ಲಿ ನಮ್ಮವರೊಬ್ಬರು ಇರುತ್ತಾರೆ.

ಕಲ್ಲಾರಿನಲ್ಲಿ ಅತ್ತಿಗೆ ಕಣ್ಣು ಮುಚ್ಚಿದರು. ಕೂನೂರಿನ ತನಕ ತೆರೆಯಲಿಲ್ಲ. ಒಂದು ಕೈಯಲ್ಲಿ ನನ್ನ ಮಣಿಕಟ್ಟು, ಇನ್ನೊಂದರಲ್ಲಿ ಲಿಂಬೆಹಣ್ಣು. "ಅತ್ತಿಗೆ, ಒಮ್ಮೆ ನೋಡಿ, ಒಮ್ಮೆ!" ಎಂದರೆ "ನೀನೇ ನೋಡು, ನನಗೂ ಸೇರಿಸಿ ನೋಡು" ಎಂದರು.

ಕೂನೂರಿನಲ್ಲಿ ಇಳಿದು ಅವರು ಕೇಳಿದ್ದು ಒಂದೇ ಮಾತು. "ಇದಕ್ಕಾ ನೀನು ಅಷ್ಟು ದೂರ ಬರುದು?"

ಆದರೂ ಅತ್ತಿಗೆ ಮೋಸ ಮಾಡಲಿಲ್ಲ. ಊರಿಗೆ ಬಂದು ಕಂಡವರಿಗೆಲ್ಲ "ಅಲ್ಲಿ ಯಾರೂ ಇಲ್ಲ, ರೈಲು ಮಾತ್ರ ಉಂಟು" ಎಂದರು. ಯಾರು ನಂಬುತ್ತಾರೆ? "ಈ ಸಲ ಬರಬೇಡ ಅಂತ ಅವನಿಗೆ ಮೊದಲೇ ಕಾಗದ ಹಾಕಿರ್ಬೇಕು" ಎಂದರು ಜನ.

ಆಮೇಲೆ ನಾನು ಯಾರಿಗೂ ಏನೂ ಹೇಳುವುದನ್ನು ಬಿಟ್ಟೆ. ವರ್ಷಕ್ಕೊಮ್ಮೆ ಹೋದೆ, ಬಂದೆ. ಸಂಬಂಧಗಳು ಬರುವುದು ನಿಂತಿತು. ಅಣ್ಣನೂ ನಾನೂ ಬೆಳೆ, ಮಳೆ, ಮಕ್ಕಳ ಪರೀಕ್ಷೆ ಎಲ್ಲ ಮಾತಾಡುತ್ತೇವೆ. ಏಪ್ರಿಲ್ ಬಂದರೆ ಇಬ್ಬರೂ ರಜೆಯ ಸುದ್ದಿ ಎತ್ತುವುದಿಲ್ಲ. ಹೆಣ್ಣೊಬ್ಬಳು ಗಂಡಸಿಗಾಗಿ ಮುನ್ನೂರು ಮೈಲು ಹೋದರೆ ಅದು ತಪ್ಪು, ಆದರೆ ಎಲ್ಲರಿಗೂ ಅರ್ಥವಾಗುವ ತಪ್ಪು. ಏನೂ ಇಲ್ಲದೆ, ಬರೀ ಸಂತೋಷಕ್ಕೆ ಹೋದರೆ? ಅದಕ್ಕೆ ನಮ್ಮಲ್ಲಿ ಹೆಸರೇ ಇಲ್ಲವಲ್ಲ!

ಮತ್ತೆ ಆದಿತ್ಯವಾರಕ್ಕೆ ಬರುತ್ತೇನೆ. ಅಣ್ಣ ಹೇಳಿ ಕಳುಹಿಸಿದ್ದ. "ರೈಲಿನವರು ನಮ್ಮ ಗದ್ದೆಯಲ್ಲಿ ಸರ್ವೆ ಕಲ್ಲು ಹಾಕಿದ್ದಾರೆ, ಬಂದು ನೋಡು."

ಊಟವಾದ ಮೇಲೆ ಅಣ್ಣ ಕೊಡೆ ಹಿಡಿದು ಮುಂದೆ ನಡೆದ. ಗದ್ದೆಯ ಅಂಚಿನ ಹುಣಿಯ ಮೇಲೆ ಮೊಣಕಾಲಿನಷ್ಟು ಎತ್ತರದ ಕಲ್ಲು, ತಲೆಗೆ ಬಿಳಿ ಸುಣ್ಣ. ಅದರಾಚೆ ಇನ್ನೊಂದು, ಮತ್ತೊಂದು. ಸಾಲಾಗಿ ಕಾಡಿನೊಳಗೆ ಹೋಗಿದ್ದವು.

"ಹೊಸ ರೈಲು ಹೀಗೇ ಹೋಗಿ ಗುಂಡ್ಯದ ಆಚೆ ಘಟ್ಟ ಹತ್ತುದಂತೆ," ಎಂದ ಅಣ್ಣ. "ಸುರಂಗ ಎಲ್ಲ ಮಾಡ್ತಾರಂತೆ. ಯಾವಾಗ ಮುಗಿತದೋ ಗೊತ್ತಿಲ್ಲ. ನಿನ್ನ ಊಟಿಯ ಹಾಗೆಯೇ ಇರ್ತದಾ?"

"ಹಲ್ಲಿನ ಪಟ್ಟಿ ಇರ್ಲಿಕ್ಕಿಲ್ಲ," ಎಂದೆ. ಹತ್ತು ವರ್ಷಗಳಲ್ಲಿ ಅಣ್ಣ ಊಟಿಯ ಹೆಸರೆತ್ತಿದ್ದು ಅದೇ ಮೊದಲು.

ಅವನು ಕೊಡೆಯ ತುದಿಯಿಂದ ಮಣ್ಣು ಕೆದಕಿದ. "ಒಂದು ಕೇಳ್ತೇನೆ. ಬೇಜಾರು ಮಾಡ್ಬೇಡ."

"ಕೇಳು."

"ಅಲ್ಲಿ ಯಾರಾದ್ರೂ ಇದ್ದಾರಾ?"

"ಇಲ್ಲ ಅಣ್ಣ."

"ಸತ್ಯ?"

"ಸತ್ಯ. ರೈಲು ಮಾತ್ರ."

ನಿಟ್ಟುಸಿರು ಬಿಡುತ್ತಾನೆ, ಸಮಾಧಾನ ಆಗುತ್ತದೆ ಎಂದುಕೊಂಡೆ. ಅಣ್ಣ ಆ ಕಲ್ಲುಗಳ ಸಾಲನ್ನೇ ನೋಡುತ್ತಾ ನಿಂತ. ಬಿಸಿಲಿಗೋ ಏನೋ, ಕಣ್ಣು ಕಿರಿದಾಗಿತ್ತು.

"ಯಾರಾದ್ರೂ ಇದ್ದಿದ್ರೆ ಒಳ್ಳೇದಿತ್ತು," ಎಂದ.

ಅಣ್ಣ ಕೊಡೆಯನ್ನು ನನ್ನ ತಲೆಯ ಮೇಲೂ ಬರುವಂತೆ ಓರೆ ಮಾಡಿದ. ಇಬ್ಬರೂ ಮನೆಗೆ ಬಂದೆವು.

ಇಷ್ಟು ವರ್ಷ ಅವನು ಹೆದರಿದ್ದು ಅಲ್ಲಿ ಯಾರೋ ಇದ್ದಾರೆಂದೋ, ಯಾರೂ ಇಲ್ಲವೆಂದೋ?