ಮೀಸೆ ಬರೆದ ಕಾರ್ಡಿಗಾಗಿ ಯೂಜೀನ್ ಕುಣಿದದ್ದು

ನನ್ನ ತಂಗಿ ಬರ್ನೀಸ್ ಕಟ್ಟಿಕೊಂಡ ಗಂಡನ ಹೆಸರು ಯೂಜೀನ್ ಸ್ಲಿವಿನ್ಸ್ಕಿ. ನಮ್ಮ ಈರಿ ಊರಿನಲ್ಲಿ ಬ್ರೆಡ್ಡಿನ ಲಾರಿ ಓಡಿಸಿ ನಿವೃತ್ತನಾದವನು. ಆಳು ಆರಡಿ ಬೆಳೆದ, ಬುದ್ಧಿ ಮಾತ್ರ ಚಡ್ಡಿಯ ಕಾಲಕ್ಕೇ ನಿಂತುಹೋಯಿತು. ಹುಡುಗನಾಗಿದ್ದಾಗ ಬಬಲ್‌ಗಮ್ ಜೊತೆ ಸಿಗುತ್ತಿದ್ದ ಬೇಸ್‌ಬಾಲ್ ಆಟಗಾರರ ಕಾರ್ಡುಗಳನ್ನು ಇವನು ಗುಡ್ಡೆ ಹಾಕಿದ್ದನಂತೆ. ಒಂದು ದಿನ ಅವನಮ್ಮ ಎಲ್ಲವನ್ನೂ ಕಸಕ್ಕೆ ಸುರಿದಳು. ಆ ಪುಣ್ಯಾತ್ಗಿತ್ತಿ ಮಾಡಿದ್ದೇ ಸರಿ. ಇವನು ಅರವತ್ತು ದಾಟಿದ ಮೇಲೆ, 1957ರಲ್ಲಿ ಬಂದ ಆ ಕಾರ್ಡುಗಳ ಸೆಟ್ಟನ್ನು ಒಂದೂ ಬಿಡದೆ ಮತ್ತೆ ಕೂಡಿಸುತ್ತೇನೆಂದು ಹಟ ಹಿಡಿದ.

ಕೂಡಿಸಲಿ, ಬೇಡವೆಂದವರಾರು? ಆದರೆ ಕೈ ಬಿಗಿ. ಕಲೆ, ಮಡಿಕೆ ಇಲ್ಲದ ಕಾರ್ಡಿಗೆ ದುಡ್ಡಿದ್ದವರು ಕಾರಿನ ಬೆಲೆ ಕೊಡುತ್ತಾರೆ. ಇವನು ಅವರು ಮೂಸಿಯೂ ನೋಡದ್ದನ್ನು ಹುಡುಕಿಕೊಂಡು ಹೋಗುತ್ತಿದ್ದ. ಮಡಿಕೆ ಬಿದ್ದದ್ದು, ಕಾಫಿ ಚೆಲ್ಲಿದ್ದು, ನಾಯಿ ಮೂಲೆ ಕಡಿದದ್ದು. ಆ ವರ್ಷದ ದೊಡ್ಡ ಹೊಡೆತಗಾರನೂ ಇವನಲ್ಲಿದ್ದಾನೆ, ಹಣೆಯ ನಡುವೆ ಗುಂಡುಸೂಜಿಯ ತೂತಿನೊಂದಿಗೆ.

"ಅತ್ತಿಗೆ, ತೂತು ಇಲ್ದೇ ಇದ್ದಿದ್ರೆ ಮನೆ ಅಡ ಇಡ್ಬೇಕಿತ್ತು. ತೂತಿತ್ತು ನೋಡಿ, ಒಂದು ಹೊತ್ತಿನ ಊಟದ ದುಡ್ಡಿಗೆ ಬಂದ!" ಎಂದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಟರ್ಕಿ ಕೋಳಿ ತಣ್ಣಗಾಗುವವರೆಗೂ ಕೊರೆದಿದ್ದ.

"ನಿನ್ನ ತಲೆಗೂ ಒಂದು ತೂತು ಹೊಡೆಸ್ಕೊಳಪ್ಪ, ಯಾರಾದ್ರೂ ತಗೊಂಡು ಹೋಗ್ಲಿ" ಎಂದೆ. ನಕ್ಕ. ಮಾನವಿದ್ದವನಿಗಲ್ಲವೇ ನಾಟುವುದು!

ಶನಿವಾರ ಬಂತೆಂದರೆ, ಜನ ಅಂಗಳದಲ್ಲಿ ಹಳೇ ಸಾಮಾನು ಹರಡಿ ಮಾರುವ ಕಡೆಗೆಲ್ಲ ಹಾಜರು. ಬೇಕಾದ ಕಾರ್ಡು ಕಂಡರೆ ಭೂತಗನ್ನಡಿ ತೆಗೆದು, ಸಾಯುವವನ ನಾಡಿ ಹಿಡಿದ ಡಾಕ್ಟರಂತೆ ಮುಖ ಮಾಡುತ್ತಿದ್ದ. "ಚ್ಚು ಚ್ಚು, ಮೂಲೆ ಸವೆದಿದೆ" ಎಂದು ನಿಟ್ಟುಸಿರು ಬಿಟ್ಟೇ ಎಷ್ಟೋ ವಿಧವೆಯರನ್ನು ಮುಳುಗಿಸಿದ.

ಕೊನೆಗೆ ಒಂದೇ ಕಾರ್ಡು ಉಳಿಯಿತು. ಲೆಸ್ಟರ್ ಹಾಬ್ನರ್ ಎಂಬ ಆಟಗಾರ, ಆಡಿದ್ದಕ್ಕಿಂತ ಬೆಂಚು ಕಾಯಿಸಿದ್ದೇ ಹೆಚ್ಚು. ಸೆಟ್ಟಿನಲ್ಲಿ ಅವನಿದ್ದ ಕಂತಿನ ಕಾರ್ಡುಗಳು ಮಾತ್ರ ಕಡಿಮೆ ಅಚ್ಚಾದವಂತೆ, ಅದಕ್ಕೇ ಈ ಬೆಂಚಿನ ದೊರೆಗೆ ಇಷ್ಟು ಬೆಲೆ. ಅದು ಮುದುಕಿ ಪಾಲ್ಕೊವಿಚ್‌ಳ ಅಂಗಳದಲ್ಲಿ, ಶೂ ಡಬ್ಬಿಯೊಳಗೆ ಸಿಕ್ಕಿತು. ಯಾರೋ ಶಾಯಿಯಲ್ಲಿ ಅವನಿಗೆ ಗಿರಿಜಾಮೀಸೆ ಬರೆದಿದ್ದರು.

ಯೂಜೀನ್ ಭೂತಗನ್ನಡಿ ತೆಗೆದ. "ಅಯ್ಯೋ, ಮೀಸೆ ಬೇರೆ ಬರ್ದಿದ್ದಾರಲ್ಲಮ್ಮ. ಇದನ್ಯಾರು ತಗೋತಾರೆ? ಪಾಪ, ನಾನೇ ಒಂದು ಡಾಲರ್ ಕೊಡ್ತೀನಿ."

"ಆ ಮೀಸೆ ನನ್ನ ಮಗ ಬರ್ದಿದ್ದು" ಎಂದಳು ಮುದುಕಿ. "ಈಗ ಕ್ಲೀವ್‌ಲ್ಯಾಂಡಲ್ಲಿ ಕ್ಷೌರದಂಗಡಿ ಇಟ್ಟಿದ್ದಾನೆ. ಮೀಸೆಗೇ ಬೇರೆ ದುಡ್ಡು ಕೊಡ್ಬೇಕು ನೀನು. ಕಾರ್ಡ್ ಇಡು ಕೆಳಗೆ!"

ಇವನು ಇನ್ನಷ್ಟು ಕೊಡುತ್ತೇನೆಂದ, ಗೋಗರೆದ. ಅವಳು ಡಬ್ಬಿ ಎತ್ತಿಕೊಂಡು ಒಳಹೋಗಿ ಬಾಗಿಲು ಹಾಕಿಕೊಂಡಳು. ಇವನು ಮನೆಗೆ ಬಂದು ಊಟ ಬಿಟ್ಟು ಮಲಗಿದ. ಕತ್ತೆಯಂಥ ಗಂಡಸು!

ಬರ್ನೀಸ್ ಗಸಗಸೆಯ ರೊಟ್ಟಿ ಸುರುಳಿ ಬೇಯಿಸಿಕೊಂಡು ಆ ಮುದುಕಿಯ ಮನೆಗೆ ಹೋದಳು. ಕಾಫಿ ಕುಡಿದಳು, ಕ್ಷೌರಿಕ ಮಗನ ಮಕ್ಕಳ ಫೋಟೋಗಳನ್ನೆಲ್ಲ ನೋಡಿದಳು. ಹೊರಡುವಾಗ ಮುದುಕಿ ತಾನಾಗಿಯೇ ಕಾರ್ಡು ಕೈಗಿಟ್ಟಳು. ಬರ್ನೀಸ್ ಅದನ್ನು ತಂದು ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತ ಹಚ್ಚಿ ಅಂಟಿಸಿದಳು. ಆಗ ನಾನೂ ಅಡುಗೆಮನೆಯಲ್ಲಿದ್ದೆ.

ಯೂಜೀನ್ ಕೈ ಚಾಚಿದ.

"ಮುಟ್ಬೇಡ. ಅವರು ಕೊಟ್ಟಿದ್ದು ನಂಗೆ, ನಿಂಗಲ್ಲ" ಎಂದಳು.

"ಅದೊಂದೇ ಬಾಕಿ ಕಣೇ!"

"ಇರ್ಲಿ. ನಾನು ಎಷ್ಟು ಶನಿವಾರ ಒಬ್ಳೇ ಕೂತಿಲ್ಲ ಈ ಮನೇಲಿ?"

ಆಗ ಈ ಮಹಾಶಯ ಮಾಡಿದ್ದೇನು? ಜೇಬಿನಿಂದ ಭೂತಗನ್ನಡಿ ತೆಗೆದು, ಫ್ರಿಜ್ಜಿನ ಮುಂದೆ ಬಗ್ಗಿ, "ಚ್ಚು ಚ್ಚು, ಮೂಲೆ ಸವೆದಿದೆ..." ಎಂದ.

ಬರ್ನೀಸ್ ಸ್ಟೂಲಿನ ಮೇಲೆ ಕುಸಿದು ನಕ್ಕಳು. "ಕಟ್ಕೊಂಡ ಹೆಂಡ್ತಿ ಹತ್ರಾನೂ ಚೌಕಾಸಿನಾ? ಬೆಲೆ ಕೇಳ್ಕೋ. ಶನಿವಾರ ನನ್ನನ್ನ ಪೋಲ್ಕಾ ಕುಣಿತಕ್ಕೆ ಕರ್ಕೊಂಡು ಹೋಗ್ಬೇಕು. ಒಂದು ವಾರಾನೂ ತಪ್ಪಂಗಿಲ್ಲ."

"ಎಷ್ಟು ದಿನ?"

"ನಂಗೆ ಸಾಕಾಗೋವರ್ಗೂ."

ಹೋದ. ಪೋಲಿಷ್ ಕ್ಲಬ್ಬಿನ ಹಾಲಿನಲ್ಲಿ, ಅಕಾರ್ಡಿಯನ್ ವಾದ್ಯದ ತಾಳ ಒಂದು ದಾರಿ, ಇವನ ಕಾಲು ಇನ್ನೊಂದು ದಾರಿ. ಬೇಸಿಗೆಯುದ್ದಕ್ಕೂ ನನ್ನ ತಂಗಿಯ ಹೆಬ್ಬೆರಳು ಊದಿಕೊಂಡೇ ಇತ್ತು. ಕರಡಿ ಕುಣಿದರೂ ಇದಕ್ಕಿಂತ ಚೆಂದ. ಆದರೆ ಬರ್ನೀಸ್ ಅಷ್ಟು ಬಣ್ಣ ಬಣ್ಣದ ಲಂಗ ತೊಟ್ಟದ್ದನ್ನು ಮದುವೆಯಾದಂದಿನಿಂದ ನಾನು ಕಂಡಿರಲಿಲ್ಲ. ಅದನ್ನು ಒಪ್ಪಲೇಬೇಕು.

ಮೊದಲ ಹಿಮ ಬೀಳುವ ಹೊತ್ತಿಗೆ ಅವಳೇ ಕಾರ್ಡು ತೆಗೆದು ಅವನ ಆಲ್ಬಮ್ಮಿನ ಖಾಲಿ ಜಾಗಕ್ಕೆ ಸೇರಿಸಿದಳು. ಅವನು ಅತ್ತ. ಮೀಸೆ ಬರೆದ ರಟ್ಟಿನ ಚೂರಿಗೆ, ಮೊಮ್ಮಕ್ಕಳ ಎದುರಿಗೇ, ಗೊಳೋ ಎಂದು ಅತ್ತ.

ಇನ್ನಾದರೂ ಈ ಹುಚ್ಚು ಬಿಟ್ಟೀತು ಎಂದುಕೊಂಡೆವು. ಮುಂದಿನ ವಾರವೇ 1958ರದ್ದು ಶುರು ಮಾಡಿದ. ಕುಣಿತ ಶನಿವಾರ ಸಂಜೆಗೆ, ಬೆಳಗಿನ ಹೊತ್ತು ಮತ್ತೆ ಅಂಗಳದಿಂದಂಗಳಕ್ಕೆ ಅಲೆದಾಟ. ನಾನು ತಂಗಿಗೆ ಉಗಿದೆ. "ಹೋಗ್ಲಿ ಬಿಡಕ್ಕಾ, ಕುಣಿತದಲ್ಲಿ ಗಿರಕಿ ತಿರುಗೋ ಹೆಜ್ಜೆ ಈಗೀಗ ಕಲೀತಿದ್ದಾನೆ" ಎಂದಳು. ಅವಳ ಬುದ್ಧಿಯೂ ಅಷ್ಟೇ.