ತಗಡಿನ ಮೇಲೆ ಬರೆದ ತಾರೀಖು

ನೀಲವ್ವ, ನಿಮ್ಮ ಶೆಡ್ಡಿನ ತಗಡಿನ ಮೇಲೆ ಅಂದು ತಾರೀಖು ಬರೆದು ಸಹಿ ಹಾಕಿದವಳು ನಾನು — ಒಳಗೆ ಇಣುಕಿಯೂ ನೋಡದೆ.

ಆಗ ತೆಲುಗು ನಾಡಿನ ಕೊಂಡಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಕಟ್ಟಡಗಳು ಏಳುತ್ತಿದ್ದವು. ಮಲೇರಿಯಾ ತಪಾಸಣೆಗೆ ಆರೋಗ್ಯ ಕಾರ್ಯಕರ್ತೆಯರಾದ ನಮ್ಮ ಬಳಿ ಎರಡು ರಿಜಿಸ್ಟರುಗಳಿದ್ದವು: ಒಂದು ಅಲ್ಲೇ ನೆಲೆಸಿದವರದು, ಇನ್ನೊಂದು ಹೊಸದಾಗಿ ಬಂದವರದು. ನಾನು ಬೀದರ ಕಡೆಯವಳು, ಕನ್ನಡ ಬರುತ್ತದೆಂದು ನಿಮ್ಮಂಥ ಕೂಲಿಕಾರರ ಶೆಡ್ಡುಗಳನ್ನು ನನಗೇ ವಹಿಸಿದ್ದರು. ಹದಿನೈದು ದಿನಕ್ಕೊಮ್ಮೆ ಪ್ರತಿ ಬಾಗಿಲಲ್ಲಿ ನಿಂತು ಜ್ವರ ವಿಚಾರಿಸಬೇಕು, ಜ್ವರವಿದ್ದವರ ಬೆರಳು ಚುಚ್ಚಿ ಗಾಜಿನ ಮೇಲೆ ಒಂದು ಹನಿ ರಕ್ತ ತೆಗೆದುಕೊಳ್ಳಬೇಕು. ಕೊನೆಗೆ ಗೋಡೆಯ ಮೇಲೆ ತಾರೀಖು, ಸಹಿ. ಮೇಲಿನವರು ಬಂದರೆ ನೋಡುತ್ತಿದ್ದುದು ಗೋಡೆಗಳನ್ನೇ.

ಆ ಮಧ್ಯಾಹ್ನ ನನಗೆ ಸುಲ್ತಾನ್ ಬಜಾರಿಗೆ ಹೋಗುವ ಅವಸರ — ತಂಗಿಯ ಮದುವೆಯ ಸೀರೆಗೆ. ಇದಕ್ಕಿಂತ ದೊಡ್ಡ ಕಾರಣ ಒಂದಾದರೂ ಇದ್ದಿದ್ದರೆ ಎಂದು ಎಷ್ಟೋ ಸಲ ಹಂಬಲಿಸಿದ್ದೇನೆ. ಇರಲಿಲ್ಲ. ಸೀರೆಯೇ. ಬಣ್ಣದ ಪೆನ್ಸಿಲ್ ಹಿಡಿದು ಸಾಲಾಗಿ ಬರೆಯುತ್ತ ಹೋದೆ. ನಿಮ್ಮ ಬಾಗಿಲಲ್ಲಿ, ಪರದೆಯ ಆಚೆ, ಯಾರೋ ನರಳಿದರು. ಕೈ ಒಂದು ಕ್ಷಣ ನಿಂತಿತು. ಒಳಗೆ ಹೋದರೆ ಅರ್ಧ ತಾಸು ಹಿಡಿಯುತ್ತದೆ ಎಂದುಕೊಂಡು — ಸಹಿ ಹಾಕಿ ನಡೆದೆ. ರಿಜಿಸ್ಟರಿನಲ್ಲಿ 'ಜ್ವರ ಇಲ್ಲ' ಎಂದು ಬರೆದೆ.

ಬೆಳಿಗ್ಗೆ ಮೈಕೈ ನೋವೆಂದು ಕೆಲಸಕ್ಕೆ ಹೋಗದೆ ಮಲಗಿದ್ದ ನಿನ್ನ ಗಂಡ ಭೀಮಣ್ಣ, ನೀನು ಸಂಜೆ ಬರುವಷ್ಟರಲ್ಲಿ ಜ್ವರದಿಂದ ಕೆಂಡವಾಗಿದ್ದ. ಯಾರು ಬಂದರು, ಯಾರು ಬರಲಿಲ್ಲ ಎಂದು ಹೇಳುವ ಎಚ್ಚರ ಅವನಿಗಿರಲಿಲ್ಲ. ನೀನು ತಗಡಿನ ಮೇಲಿನ ತಾರೀಖು ನೋಡಿ, ಅಕ್ಕ ಪರೀಕ್ಷೆ ಮಾಡಿದ್ದಾರೆ, ಹೆದರುವಂಥದ್ದೇನಿಲ್ಲ ಎಂದು ಧೈರ್ಯ ತಂದುಕೊಂಡೆ. ಮೂರನೆಯ ದಿನ ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಜ್ವರ ಮೆದುಳಿಗೇರಿತ್ತು. ಅವನು ಉಳಿಯಲಿಲ್ಲ.

ಸುದ್ದಿ ತಿಳಿದು ನಿನ್ನನ್ನು ಮಾತಾಡಿಸಲು ಬಂದೆ. ಬೈಯುತ್ತೀ, ಮುಖಕ್ಕೆ ಉಗುಳುತ್ತೀ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ನೀನು ಕೂರಲು ಗೋಣಿಚೀಲ ಹಾಸಿದೆ, ತಂಬಿಗೆಯಲ್ಲಿ ನೀರು ಕೊಟ್ಟೆ.

"ನೀವು ನೋಡಿ ಹೋಗೀರಿ ಅಂತ ನಾ ಸುಮ್ಮನಿದ್ದೆರಿ, ಅಕ್ಕಾರ. ನಂದ ತಪ್ಪಾತೇನ್ರಿ?"

ಆಗಲಾದರೂ ಹೇಳಬಹುದಿತ್ತು. ಆದರೆ ಕೆಲಸ ಹೋದೀತು, ಶೆಡ್ಡಿನವರೆಲ್ಲ ಮೈಮೇಲೆ ಬಂದಾರು ಎಂದು ಹೆದರಿದೆ. ಎಲುಬಿಲ್ಲದ ನಾಲಿಗೆ — ಹೊರಳಿತು.

"ನಾ ನೋಡಿದಾಗ ಜ್ವರ ಇರಲಿಲ್ಲವ್ವ. ಆಮ್ಯಾಲ ಬಂದೈತಿ. ನೀ ಲಗೂನ ದವಾಖಾನಿಗೆ ಒಯ್ಯಬೇಕಿತ್ತು."

ನೀನು ಹಣೆ ಹಣೆ ಬಡಿದುಕೊಂಡೆ. ನಾನೇ ಕೊಂದೆ, ನಾನೇ ಕೊಂದೆ ಎಂದೆ. ನಾನು ನಿನ್ನ ಕೈ ಹಿಡಿದುಕೊಂಡು ಸಮಾಧಾನ ಬೇರೆ ಹೇಳಿದೆ! ಆ ವಾರವೇ ನೀನು ಊರಿಗೆ ಹೊರಟುಹೋದೆ.

ಈಗ ಅಲ್ಲಿ ಹನ್ನೆರಡು ಅಂತಸ್ತಿನ ಮನೆಗಳಿವೆ. ನಾನು ನಿವೃತ್ತಳಾಗಿ ಬಾಲಾನಗರದ ಮನೆಯಲ್ಲಿದ್ದೇನೆ. ಪಕ್ಕದ ಕೋಣೆಯಲ್ಲಿ ಯಾರಾದರೂ ನಿದ್ದೆಯಲ್ಲಿ ನರಳಿದರೂ ಎದ್ದು ಹೋಗಿ ಹಣೆ ಮುಟ್ಟಿ ನೋಡುತ್ತೇನೆ. ಮನೆಯವರು ನಗುತ್ತಾರೆ. ನಗಲಿ — ಅವರಿಗೆ ಕೇಳಿಸುವುದು ಅವರ ಮನೆಯ ಸದ್ದು ಮಾತ್ರ.

ಹೊಸಬರ ರಿಜಿಸ್ಟರಿನಲ್ಲಿ ನಿನ್ನ ಊರಿನ ಹೆಸರು ಬರೆದವಳೂ ನಾನೇ, ಮರೆತಿಲ್ಲ. ನಾಳೆ ಲಿಂಗಸುಗೂರಿನ ಬಸ್ಸು ಹತ್ತುತ್ತೇನೆ. ನಿನ್ನಲ್ಲಿ ಕ್ಷಮೆ ಕೇಳುವ ಮುಖ ನನಗಿಲ್ಲ. ನೀನು ಬದುಕಿದ್ದರೆ ನಿನ್ನೆದುರು ನಿಂತು ಇಷ್ಟು ಹೇಳಬೇಕು: ಅಂದು ಯಾರೂ ನೋಡಿ ಹೋಗಿರಲಿಲ್ಲ, ನೀಲವ್ವ. ಅವನನ್ನು ನೀನು ಕೊಲ್ಲಲಿಲ್ಲ.