ಇಬ್ಬರಿಗೊಂದೇ ಗಿಡ್ಡ ಸಿಗಾರ್

ಅಜ್ಜಂಪುರದ ಮೃತ್ಯುಂಜಯ ಸಿಗರೇಟು ಬಿಟ್ಟು ಆರು ವರ್ಷವಾಗಿತ್ತು. ಬಿಟ್ಟಿದ್ದು ಡಾಕ್ಟರ್ ಹೆದರಿಸಿದ್ದಕ್ಕಲ್ಲ, ಮಠದಲ್ಲಿ ಸ್ವಾಮಿಗಳ ಮುಂದೆ ಆಣೆ ಮಾಡಿಯೂ ಅಲ್ಲ. ಹೆಂಡತಿ ಪಂಕಜಾಕ್ಷಿ ಮದುವೆಯಾದಾಗಿನಿಂದ ಬೈದು ಬೈದು ಸುಸ್ತಾಗಿದ್ದಳು ನಿಜ, ಆದರೆ ಅವಳ ಮಾತಿಗೂ ಅಲ್ಲ. ಜೊತೆಗೆ ಸೇದುವವನು ಹೋದ, ಸೇದುವುದೂ ಹೋಯಿತು. ಹೋದ ಅಂದರೆ ಸತ್ತ ಅಂತಲ್ಲ ಮತ್ತೆ! ಆ ಅನಂತಪದ್ಮನಾಭ ಗುಂಡುಕಲ್ಲಿನ ಹಾಗಿದ್ದಾನೆ. ತರೀಕೆರೆಯ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಏಜೆಂಟನಾಗಿ ಸೀಟಿ ಊದಿಕೊಂಡಿದ್ದಾನೆ. ಇಬ್ಬರ ನಡುವೆ ಮಾತಿಲ್ಲ, ಅಷ್ಟೇ.

ಒಂದು ಕಾಲದಲ್ಲಿ ತರೀಕೆರೆಯಿಂದ ಅಜ್ಜಂಪುರದ ಮೇಲೆ ಶಿವನಿ ಎಂಬ ಊರಿಗೆ ಹೋಗುವ ಒಂದು ಖಾಸಗಿ ಬಸ್ಸಿಗೆ ಇವನು ಡ್ರೈವರ್, ಅವನು ಕಂಡಕ್ಟರ್. ಶಿವನಿಯಲ್ಲಿ ಬಸ್ಸು ತಿರುಗಿಸಿ ನಿಲ್ಲಿಸಿದರೆ ವಾಪಸು ಹೊರಡುವ ತನಕ ಸ್ವಲ್ಪ ಬಿಡುವು. ರೈಲ್ವೆ ಸ್ಟೇಷನ್ನಿನ ಎದುರು ಟೀ ಅಂಗಡಿಯ ಹಿಂದೆ ಕೂತು ಇಬ್ಬರೂ ಸೇರಿ ಒಂದೇ ಒಂದು ಸಿಗರೇಟು ಹಚ್ಚುತ್ತಿದ್ದರು. ಎರಡು ಕೊಳ್ಳುವ ಯೋಗ್ಯತೆ ಇರಲಿಲ್ಲ ಅಂತಲ್ಲ. ಅರ್ಧರ್ಧ ಸೇದಿದರೆ, ಮನೆಯಲ್ಲಿ ಕೇಳಿದಾಗ ‘ದೇವರಾಣೆಗೂ ಒಂದು ಸಿಗರೇಟೂ ಸೇದಿಲ್ಲ’ ಎನ್ನಬಹುದಲ್ಲ, ಅದು ಅನಂತನ ತಲೆ. ಆ ತಲೆಗೆ ಏನು ಹೇಳೋಣ!

ಆದರೆ ಅನಂತನಿಗೆ ಎಂಜಲು ಅಂದರೆ ಆಗದು. ಬಾಟಲಿ ನೀರನ್ನೂ ಎತ್ತಿ ಕುಡಿಯುವ ಆಸಾಮಿ ಅವನು. ಅಮೃತಾಪುರದ ಮನೆಯ ಮಡಿ ಅವನ ಜೊತೆಗೆ ಬಸ್ಸು ಹತ್ತಿ ಬರುತ್ತಿತ್ತು. ಅದಕ್ಕೇ ಸಿಗರೇಟನ್ನು ಬೆರಳ ಸಂದಿಗೆ ಸಿಕ್ಕಿಸಿ, ಮುಷ್ಟಿ ಕಟ್ಟಿ, ಹೆಬ್ಬೆರಳ ಹತ್ತಿರದ ತೂತಿಗೆ ಬಾಯಿಟ್ಟು ಎಳೆಯುತ್ತಿದ್ದ. ತುಟಿ ಸಿಗರೇಟಿಗೆ ತಾಗುವ ಮಾತೇ ಇಲ್ಲ. ಅವನಿಗೋಸ್ಕರ ಮೃತ್ಯುಂಜಯನೂ ಹಾಗೇ ಸೇದುವುದನ್ನು ಕಲಿತ. ಇವನದೂ ಒಂದು ಶಾಸ್ತ್ರವಿತ್ತು. ಸೇದುವ ಮುಂಚೆ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಬೆನ್ನಿನ ಕಡೆಗೆ ಸರಿಸಿಕೊಳ್ಳುವುದು.

"ಬೆನ್ನಿಗೆ ಹಾಕ್ಕೊಂಡ್ರೆ ನಿಮ್ಮ ಶಿವನಿಗೆ ವಾಸನೆ ಹೊಡೆಯಲ್ವೇನೋ ಜಯಾ?" ಎಂದು ಅನಂತ ಕೆಣಕುವನು.

"ಅವ್ನು ಸುಡುಗಾಡಿನ ಹೊಗೇಲಿ ಕೂತಿರೋನು, ಇದ್ಯಾವ ಲೆಕ್ಕ? ನೀನು ನಿನ್ ಜನಿವಾರ ನೋಡ್ಕೊ," ಎಂದು ಇವನು.

ಹೀಗಿದ್ದವರು ಕೆಟ್ಟಿದ್ದು ಒಂದು ಮಧ್ಯಾಹ್ನ. ಅವತ್ತು ಬಸ್ಸು ತಡವಾಗಿತ್ತು, ಶಿವನಿಯಲ್ಲಿ ಕೂರಲು ಪುರುಸೊತ್ತು ಸಿಗಲಿಲ್ಲ. ವಾಪಸು ಬರುವಾಗ, ಬಸ್ಸು ಓಡುತ್ತಿರುವಾಗಲೇ, ಅನಂತ ಮುಂದಿನ ಬಾಗಿಲಲ್ಲಿ ನಿಂತು ಸಿಗರೇಟು ಹಚ್ಚಿದ. ತನ್ನ ಪಾಲು ಮುಗಿಸಿ, ಸ್ಟೀರಿಂಗ್ ಹಿಡಿದವನ ಕೈಗೆ ಕೊಟ್ಟ. ಸುಮ್ಮನೆ ತುಟಿಗಿಟ್ಟುಕೊಂಡಿದ್ದರೆ ಒಂದು ಕೈ ಸಾಕಿತ್ತು. ಮುಷ್ಟಿಯೊಳಗೆ ಸಿಕ್ಕಿಸಬೇಕಾದರೆ ಎರಡು ಕೈಯೂ ಬೇಕು. ಅಭ್ಯಾಸಬಲ ನೋಡಿ, ಮೃತ್ಯುಂಜಯ ಎರಡು ಕೈಯನ್ನೂ ಸ್ಟೀರಿಂಗಿನಿಂದ ತೆಗೆದ. ತಿರುವಿನಲ್ಲಿ ಬಸ್ಸು ಸೀದಾ ಹೋಗಿ ಕರೆಂಟು ಕಂಬಕ್ಕೆ ಗುದ್ದಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ, ಒಬ್ಬ ಹೆಂಗಸಿನ ಮುಂಗೈ ಮುರಿಯಿತು.

ಬಸ್ಸಿನ ಸಾಹುಕಾರರು ಇಬ್ಬರನ್ನೂ ನಿಲ್ಲಿಸಿಕೊಂಡು ಕೇಳಿದರು. "ಡ್ರೈವರ್ ಸಿಗರೇಟ್ ಸೇದ್ತಿದ್ದ," ಎಂದ ಅನಂತ. ಸುಳ್ಳೇನಲ್ಲ. ಹಚ್ಚಿ ಕೈಗೆ ಕೊಟ್ಟವರು ಯಾರು ಎಂಬುದನ್ನು ಮಾತ್ರ ನುಂಗಿಕೊಂಡ. ಈಗ ಹೇಳುತ್ತಾನೆ, ಇನ್ನೇನು ಹೇಳುತ್ತಾನೆ ಎಂದು ಮೃತ್ಯುಂಜಯ ಅವನ ಮುಖ ನೋಡಿದ. ಅನಂತ ತನ್ನ ಚಪ್ಪಲಿ ನೋಡಿಕೊಂಡು ನಿಂತಿದ್ದ. ಇವನ ಕೆಲಸ ಹೋಯಿತು, ಅವನದು ಉಳಿಯಿತು. ಇವನೇ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಇವನು ಹೇಳಿದರೆ ಅದು ಚಾಡಿ ಆಗುತ್ತಿತ್ತು ಸ್ವಾಮಿ. ಅವನೇ ಹೇಳಬೇಕಿತ್ತು.

ಆಮೇಲೆ ಮೃತ್ಯುಂಜಯ ಒಂದು ಹಳೆಯ ಕಾರು ಮಾಡಿಕೊಂಡು ಬಾಡಿಗೆಗೆ ಓಡಿಸತೊಡಗಿದ. ಹೊಟ್ಟೆಗೇನೂ ಕಡಿಮೆಯಾಗಲಿಲ್ಲ. ಆದರೆ ಕಂಡಕ್ಟರಿಕೆ ಬಿಟ್ಟು ಅನಂತ ಏಜೆಂಟನಾದ ಮೇಲೆ, ತರೀಕೆರೆ ಬಸ್ ನಿಲ್ದಾಣದ ಮುಂದೆ ಹೋಗುವಾಗ ಗಾಜು ಏರಿಸಿಕೊಳ್ಳುತ್ತಿದ್ದ. "ಅಜ್ಜಂಪುರ, ಅಜ್ಜಂಪುರ, ಶಿವನೀ" ಎಂಬ ಅನಂತನ ಕೂಗು ಗಾಜು ಏರಿಸಿದರೂ ಕೇಳುತ್ತಿತ್ತು. ಹಾಳು ಗಂಟಲು ಒಂದು ಚೂರೂ ಇಳಿದಿರಲಿಲ್ಲ.

ಹೀಗಿರುವಾಗ ಮೃತ್ಯುಂಜಯನ ಕೈಗೊಂದು ಸಿಗಾರ್ ಬಂತು. ಕೊಟ್ಟವರು ವಿಶ್ವನಾಥ್ ಅಂತ, ಹಡಗಿನಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಕಡೂರು ಸ್ಟೇಷನ್ನಿನಲ್ಲಿ ಇಳಿದು, ಅಮೃತಾಪುರದ ದೇವಸ್ಥಾನ ನೋಡಲು ಇವನ ಕಾರು ಹಿಡಿದಿದ್ದರು. ದಿನವೆಲ್ಲ ಇವನ ಬಸ್ಸಿನ ಕತೆ ಕೇಳಿಸಿಕೊಂಡು ನಕ್ಕರು. ಕಂಬಕ್ಕೆ ಗುದ್ದಿದ್ದನ್ನು ಕೇಳಿ ನಗಲಿಲ್ಲ. ರೈಲು ಹತ್ತುವ ಮುಂಚೆ ಚೀಲದಿಂದ ಒಂದು ಅಲ್ಯೂಮಿನಿಯಂ ಕೊಳವೆ ತೆಗೆದು ಕೊಟ್ಟರು. ಒಳಗೆ ಹೆಬ್ಬೆರಳಷ್ಟು ದಪ್ಪದ, ಬೆರಳುದ್ದದ ಕಂದು ಸಿಗಾರ್. ಅದರ ಕೊರಳಿಗೆ ಕೆಂಪು, ಚಿನ್ನದ ಬಣ್ಣದ ಕಾಗದದ ಪಟ್ಟಿ.

"ಕ್ಯೂಬಾ ದೇಶದ್ದು. ಕೈಯಲ್ಲೇ ಸುತ್ತಿದ್ದು," ಎಂದರು. "ಉದ್ದದ್ದು ಸೇದೋಕೆ ಒಂದೂವರೆ ಗಂಟೆ ಬೇಕು, ಈಗ ಯಾರಿಗಿದೆ ಅಷ್ಟು ಪುರುಸೊತ್ತು? ಈ ಗಿಡ್ಡದಕ್ಕೆ ಅರ್ಧ ಗಂಟೆ ಸಾಕು. ತುದಿ ಮಾತ್ರ ಒಂಚೂರು ಕತ್ತರಿಸಿ. ಹೊಗೆ ಎದೆಗೆ ಎಳ್ಕೋಬೇಡಿ, ಬಾಯಿ ತುಂಬ ತಗೊಂಡು ರುಚಿ ನೋಡಿ ಬಿಡಿ. ಎಲೆ ತುಟಿಗೆ ತಾಗ್ಬೇಕು, ಅರ್ಧ ರುಚಿ ಅಲ್ಲೇ ಇರೋದು. ಒಣಗೋಕೆ ಮಾತ್ರ ಬಿಡ್ಬೇಡಿ."

ಮನೆಗೆ ತಂದಾಗ ಪಂಕಜಾಕ್ಷಿ ಮೂಸಿ ನೋಡಿದಳು. ಅವಳಿಗೆ ಎಲೆ ಅಡಿಕೆ ಜೊತೆ ಚೂರು ಹೊಗೆಸೊಪ್ಪು ಹಾಕಿಕೊಳ್ಳುವ ಅಭ್ಯಾಸ.

"ಪಸಂದಾಗೈತೆ ಕಣ್ರೀ! ಒಂದ್ ಚೂರು ಕುಯ್ಕೊಡಿ, ಹಾಕ್ಕಂಡು ನೋಡ್ತೀನಿ."

"ಮುಟ್ಟಿದ್ರೆ ನೋಡು! ಅದು ಅಗಿಯೋದಲ್ಲ."

"ಸೇದೋದು ಬಿಟ್ಟಿದ್ದೀರಲ್ಲ, ಮತ್ಯಾರಿಗೆ ಇದು?"

ಕೇಳುತ್ತಿದ್ದ ಹಾಗೆಯೇ ಅವಳಿಗೆ ಅರ್ಥವಾಯಿತು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ವೀಳ್ಯದೆಲೆಯ ಕಟ್ಟಿನ ಪಕ್ಕ ಸಿಗಾರನ್ನು ಇಟ್ಟು ಡಬ್ಬಿ ಮುಚ್ಚುತ್ತ ಹೇಳಿದಳು: "ಅನಂತಣ್ಣನ ಹತ್ರ ಹೋಗ್ಬನ್ನಿ ಸುಮ್ನೆ. ಆರು ವರ್ಷದಿಂದ ಮುಖ ಊದಿಸ್ಕಂಡು ಕೂತಿದ್ದೀರ. ನೋಡಿ ನೋಡಿ ನಂಗೆ ಸಾಕಾಗೈತೆ."

"ಹೋಗ್ತೀನಿ. ಹಚ್ಚಿ ಕೊಟ್ಟೋನು ನಾನೇ ಅಂತ ಅವನ ಬಾಯಲ್ಲಿ ಒಂದ್ ಮಾತು ಬರ್ಲಿ. ಬರ್ಲಿಲ್ವಾ, ಇನ್ ಆ ದಿಕ್ಕಿಗೆ ತಲೆ ಹಾಕೂ ಮಲಗಲ್ಲ ನಾನು."

ಎರಡು ದಿನ ಬಿಟ್ಟು, ಪಂಕಜಾಕ್ಷಿಯ ಅಡಕತ್ತರಿಯನ್ನೂ ಸಿಗಾರನ್ನೂ ಜೇಬಿಗಿಳಿಸಿಕೊಂಡು ತರೀಕೆರೆಗೆ ಹೋದ. ಅನಂತ ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಒಂದು ಬಸ್ಸನ್ನು ಹಿಂದೆ ಬಿಡಿಸುತ್ತಿದ್ದ. ಇವನನ್ನು ಕಂಡು ಕೈ ಗಾಳಿಯಲ್ಲೇ ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಬರ್ಲಾ ಬ್ಯಾಡ್ವಾ?" ಎಂದು ಕೂಗಿದ ಮೇಲೆ ಎಚ್ಚರವಾಯಿತು.

"ಅರ್ಧ ಗಂಟೆ ಬಿಡುವು ಐತಾ?" ಮೃತ್ಯುಂಜಯ ಕೇಳಿದ. ಕೊಳವೆ ತೋರಿಸಿದ.

ಅನಂತ ಕೊಳವೆ ನೋಡಿದ, ಇವನ ಮುಖ ನೋಡಿದ. "ಡ್ಯೂಟಿ ಮುಗೀತು. ಊರಿಗೆ ಹೊರಟಿದ್ದೆ," ಎಂದ.

"ಬಾ, ಬಿಡ್ತೀನಿ."

ಬಂದ. ಬಂದವನು ಹಿಂದಿನ ಸೀಟಿನಲ್ಲಿ ಕೂತ, ಬಾಡಿಗೆ ಕೊಟ್ಟು ಬಂದ ಗಿರಾಕಿಯ ಹಾಗೆ! ಮೃತ್ಯುಂಜಯ, ಇಳಿ ಕೆಳಗೆ ಅನ್ನಬೇಕೆಂದು ನಾಲಿಗೆ ತುದಿಗೆ ಬಂದದ್ದನ್ನು ತಡೆದುಕೊಂಡು ಗೇರ್ ಹಾಕಿದ.

ಅಮೃತಾಪುರದ ಕೆರೆ ಏರಿಯ ಮೇಲೆ ಕಾರು ನಿಲ್ಲಿಸಿ, ಕಲ್ಲಿನ ಮೇಲೆ ಇಬ್ಬರೂ ಕೂತರು. ನಡುವೆ ಇನ್ನೊಬ್ಬ ಕೂರುವಷ್ಟು ಜಾಗ. ಮೃತ್ಯುಂಜಯ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಂಡು, ಅಡಕತ್ತರಿಯಿಂದ ಸಿಗಾರಿನ ತುದಿಯನ್ನು ಒಂಚೂರೇ ಕತ್ತರಿಸಿದ. ವಿಶ್ವನಾಥ್ ಹೇಳಿದ್ದನ್ನೆಲ್ಲ ಹೇಳಿದ: ಹೊಗೆ ನುಂಗಬಾರದು, ಎಲೆ ತುಟಿಗೆ ತಾಗಬೇಕು.

"ತುಟಿಗಾ?" ಅನಂತ ಹುಬ್ಬು ಗಂಟಿಕ್ಕಿದ. "ಒಂದೇ ಇದೆಯಲ್ಲೋ!"

"ಹೂಂ."

"ಹಾಗಾದ್ರೆ ಎರಡು ಮಾಡು. ನಿಂಗೊಂದು ನಂಗೊಂದು. ಎಂಜಲಿನ ತಾಪತ್ರಯವೇ ಇರಲ್ಲ."

ಇಂಥ ಬುದ್ಧಿ ಇವರಿಬ್ಬರಿಗಲ್ಲದೆ ಇನ್ಯಾರಿಗೆ ಹೊಳೆದೀತು? ಮೊದಲೇ ಗಿಡ್ಡದ್ದು. ಸಮುದ್ರ ದಾಟಿ ಬಂದದ್ದನ್ನು ಅಡಕತ್ತರಿಗೆ ಕೊಟ್ಟು ಬಟ್ಟಲಡಿಕೆಯ ಹಾಗೆ ಕಟ್ ಅನ್ನಿಸಿದರು. ಮೃತ್ಯುಂಜಯನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, ಒಂದು ಕಾಲದಲ್ಲಿ ದಿನಾ ಅರ್ಧರ್ಧ ಹಂಚಿಕೊಂಡವನಲ್ಲವೇ. ಪಟ್ಟಿ ಇದ್ದ ಚೆಂದದ ತುಂಡನ್ನು ಅನಂತನಿಗೆ ಕೊಟ್ಟ, ಬುಡದ್ದನ್ನು ತಾನಿಟ್ಟುಕೊಂಡ. ಕೆರೆಯ ಗಾಳಿಗೆ ಕಡ್ಡಿ ಮೇಲೆ ಕಡ್ಡಿ ಆರಿ, ಕೊನೆಗೆ ಅನಂತನದು ಹತ್ತಿಕೊಂಡಿತು.

ಅನಂತ ಹೊಗೆಯನ್ನು ಬಾಯಲ್ಲಿ ತುಂಬಿಕೊಂಡು, ಕೆನ್ನೆ ಉಬ್ಬಿಸಿ, ಬಿಟ್ಟ. "ಕೊಟ್ಟಿಗೇಲಿ ಸೊಳ್ಳೆಗೆ ಹೊಗೆ ಹಾಕ್ದಂಗಿದೆ," ಎಂದ. ಇನ್ನೊಂದು ಸಲ ಎಳೆದ. "ಇರು ಇರು. ಕಾಫಿಬೀಜ ಹುರಿಯೋ ವಾಸನೆ." ಮತ್ತೆ ಎಳೆದು, ತುಟಿ ನೆಕ್ಕಿಕೊಂಡ. "ಸಣ್ಣಗೆ ಸಿಹಿ ಇದೆ ಕಣೋ! ಆದ್ರೆ ಇದೇನು, ವೀಳ್ಯದೆಲೆ ಘಮ? ಕ್ಯೂಬಾದಲ್ಲೂ ಎಲೆ ಬೆಳೀತಾರಾ?"

"ಅದು ಪಂಕಜಾಕ್ಷಿದು," ಎಂದು ಮೃತ್ಯುಂಜಯ ತನ್ನ ತುಂಡನ್ನು ಬಾಯಿಗಿಟ್ಟು ಹಚ್ಚಲು ಹೋದ. ಸಿಗಾರಿನ ಹೊರಗಿನ ಎಲೆಯನ್ನು ಬಿಚ್ಚದಂತೆ ಹಿಡಿದಿಡುವುದು ಬಾಯಿಗಿಡುವ ತುದಿಯ ಮುಚ್ಚಳ. ಅದು ಅನಂತನ ತುಂಡಿನ ಜೊತೆ ಹೋಗಿತ್ತು. ಎರಡು ಸಲ ಎಳೆಯುವಷ್ಟರಲ್ಲಿ ಇವನದು ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಬಾಯಿ ತುಂಬ ಸೊಪ್ಪಾಯಿತು. ಥೂ ಥೂ ಎಂದು ಉಗಿಯುತ್ತ, ಗಡ್ಡಕ್ಕೆ ಅಂಟಿದ್ದನ್ನು ಒರೆಸಿಕೊಳ್ಳುತ್ತ ಕೂತ.

ಅನಂತ ನಕ್ಕ. ಮೊದಲು ತಡೆದುಕೊಂಡು ನಕ್ಕ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಮೇಕೆ ಮೇಯ್ದಂಗೆ ಮೇಯ್ತಿದ್ದೀಯಲ್ಲೋ!"

"ನಿನ್ ಬುದ್ಧಿ ಕೇಳಿದ್ನಲ್ಲ, ನನ್ನ ಚಪ್ಲೀಲಿ ನಾನೇ ಹೊಡ್ಕೋಬೇಕು," ಎಂದು ಮೃತ್ಯುಂಜಯ ರೇಗಿದ. ರೇಗಿದ್ದು ಸಿಗಾರಿಗೆ ಮಾತ್ರವಲ್ಲ. ಆರು ವರ್ಷದ ಸಿಟ್ಟೂ ಅದರಲ್ಲಿ ಬಂತು, ಅನಂತನಿಗೂ ಅದು ತಿಳಿಯಿತು. ಅವನ ನಗು ನಿಂತಿತು.

ಅನಂತ ಕೈಯಲ್ಲಿದ್ದ ತುಂಡನ್ನು ನೋಡಿದ. ಬೂದಿ ಬೆಳ್ಳಗೆ ಗಟ್ಟಿಯಾಗಿ ನಿಂತಿತ್ತು. "ತಗೋ," ಎಂದು ಚಾಚಿದ.

ಮೃತ್ಯುಂಜಯ ತೆಗೆದುಕೊಂಡು, ತನಗೇ ಗೊತ್ತಿಲ್ಲದೆ ಬೆರಳ ಸಂದಿಗೆ ಸಿಕ್ಕಿಸಿ ಮುಷ್ಟಿ ಕಟ್ಟಿದ.

"ಮುಷ್ಟಿ ಬೇಡ," ಎಂದ ಅನಂತ. "ಎಲೆ ತುಟಿಗೆ ತಾಗ್ಬೇಕು ಅಂದ್ಯಲ್ಲ."

ತುಟಿಗಿಟ್ಟು ಎಳೆದ. ಕಹಿ, ಕಾಫಿ, ಅದರ ಹಿಂದೆ ಒಂದು ಎಳೆ ಸಿಹಿ. ಬಾಯಲ್ಲಿ ಹಿಡಿದು ಮೆಲ್ಲಗೆ ಬಿಟ್ಟ. ಚೆನ್ನಾಗಿತ್ತು, ಇಷ್ಟು ಚೆನ್ನಾಗಿರುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಆದರೆ ಇನ್ನು ಇದು ತನ್ನ ಪಾಲಿಗೇ, ತನ್ನ ಬಾಯಿಂದ ಬಂದದ್ದನ್ನು ಅನಂತ ಮುಟ್ಟುವುದಿಲ್ಲ ಎನಿಸಿ ಆ ರುಚಿಯೆಲ್ಲ ಸಪ್ಪೆಯಾಯಿತು. ಒಬ್ಬನೇ ಸೇದುವುದಾಗಿದ್ದರೆ ಇಲ್ಲಿಗೆ ಯಾಕೆ ಬರಬೇಕಿತ್ತು?

ಅನಂತ ಕೈ ಚಾಚಿದ್ದ. "ಕೊಡು."

"ಎಂಜಲು ಕಣೋ."

"ಗೊತ್ತು. ಕೊಡೋ ಇಲ್ಲಿ."

ಕೊಟ್ಟ. ಮುಷ್ಟಿ ಕಟ್ಟುತ್ತಾನೇನೋ, ಒರೆಸುತ್ತಾನೇನೋ ಎಂದು ನೋಡಿದ. ಅನಂತಪದ್ಮನಾಭ ಒರೆಸಲಿಲ್ಲ. ಇವನ ಎಂಜಲಿನಿಂದ ಒದ್ದೆಯಾಗಿದ್ದ ಆ ತುದಿಯನ್ನು ಸೀದಾ ತನ್ನ ಎರಡು ತುಟಿಯ ನಡುವೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಬಾಯಿ ತುಂಬ ಎಳೆದ. ಮೃತ್ಯುಂಜಯನಿಗೆ ಅಳು ಬಂತು. ಹೊಗೆಯ ನೆಪ ಹೇಳೋಣವೆಂದರೆ ಗಾಳಿ ಆ ಕಡೆಗೆ ಬೀಸುತ್ತಿತ್ತು.

ಇಬ್ಬರ ನಡುವೆ ಅದು ಹೋಗಿ ಬಂದು ಮಾಡಿತು. ಪಟ್ಟಿಯ ಹತ್ತಿರಕ್ಕೆ ಬೆಂಕಿ ಬಂದಾಗ ಅನಂತ ಕಾಗದ ಹರಿದು ತೆಗೆದ. ಸಿಗಾರನ್ನು ಬೆರಳಲ್ಲೇ ಹಿಡಿದುಕೊಂಡು, ಕೆರೆಯ ಕಡೆ ನೋಡುತ್ತ ಹೇಳಿದ:

"ನನ್ನ ಮಡಿಗೋಸ್ಕರ ತಾನೆ ನೀನು ಅವತ್ತು ಸ್ಟೀರಿಂಗ್ ಬಿಟ್ಟಿದ್ದು. ಸಾಹುಕಾರ್ರ ಮುಂದೆ ಬಾಯಿ ಕಟ್ಟಿಹೋಯ್ತು ಕಣೋ. ಆಮೇಲೆ ಪ್ರತಿ ದಿನ ಅಂದ್ಕೋತೀನಿ, ಹೋಗಿ ಹೇಳ್ಬೇಕು ಅಂತ. ಜಯಾ, ಅವತ್ತು ಅದನ್ನ ಹಚ್ಚಿ…"

ಈ ಮಾತಿಗಾಗಿಯೇ ಮೃತ್ಯುಂಜಯ ಆರು ವರ್ಷ ಕಾದಿದ್ದ. ಈಗ ಅದು ಅರ್ಧ ದಾರಿಗೆ ಬಂದಿತ್ತು, ಹೇಳುವವನ ಗಲ್ಲ ನಡುಗುತ್ತಿತ್ತು. ನೋಡಲಾಗಲಿಲ್ಲ.

"ಬಾಯ್ಮುಚ್ಕೊಂಡು ಸೇದೋ," ಎಂದ, "ಆರ್ಹೋಗುತ್ತೆ."